ಬ್ರೇಕ್ ಮೇಷ್ಟ್ರ ಬಲಗಾಲು

ಬ್ರೇಕ್ ಮೇಷ್ಟ್ರ ಮೈಯಲ್ಲಿ ಬಲಗಾಲೊಂದು ಬೇರೆ ಸಂಸಾರ ಹೂಡಿಕೊಂಡಿತ್ತು. ಕ್ಷೌರದ ಅಂಗಡಿಯಲ್ಲಿ ಅವರು ಕಣ್ಣು ಮುಚ್ಚಿ ಒರಗಿದ್ದರೂ ಆ ಕಾಲು ಮಾತ್ರ ಎಚ್ಚರವಾಗಿರುತ್ತಿತ್ತು. ಕತ್ತಿ ಕಿವಿಯ ಹತ್ತಿರ ಬಂದ ಕೂಡಲೇ ಕಾಲಡಿಯ ಹಲಗೆಯನ್ನು ಒತ್ತಿ ಹಿಡಿಯುತ್ತಿತ್ತು. ಬಸ್ಸಿನಲ್ಲಿ ಎಲ್ಲಿ ಕೂತರೂ ತಿರುವು ಬಂದಾಗ ಎದುರಿನ ಸೀಟಿನ ಕೆಳಗಿದ್ದ ಯಾರದೋ ಚೀಲವನ್ನು ತುಳಿಯುತ್ತಿತ್ತು. ಮನೆಯಲ್ಲಿ ಅವರು ಕೂರುವ ಕುರ್ಚಿಯ ಮುಂದೆ ಸಿಮೆಂಟು ನೆಲ ಅಂಗೈಯಗಲ ನುಣುಪಾಗಿ ತಗ್ಗಿತ್ತು. ಹೆಂಡತಿ ಲೋಟದ ಅಂಚು ಮುಟ್ಟುವ ಹಾಗೆ ಚಹಾ ಸುರಿಯುವಾಗೆಲ್ಲ ಆ ಕಾಲು ಒತ್ತಿ ಒತ್ತಿ ಆದ ತಗ್ಗು ಅದು.

ಊರಿನ ಡ್ರೈವಿಂಗ್ ಶಾಲೆಯಲ್ಲಿ ಅವರು ಮೂವತ್ತು ವರ್ಷಗಳಿಂದ ಮೇಷ್ಟ್ರು. ಶಾಲೆಯ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವಲ್ಲ, ಅದೇ ಅವರ ಗದ್ದುಗೆ. ಡಾಕ್ಟರು, ಹಾಲಿನವರು, ಬ್ಯಾಂಕಿನ ಮ್ಯಾನೇಜರು, ಕೊನೆಗೆ ಪೊಲೀಸ್ ಜೀಪಿನ ಡ್ರೈವರು ಕೂಡ ಒಂದಲ್ಲ ಒಂದು ದಿನ ಆ ಬ್ರೇಕಿನ ಏಟಿಗೆ ಮುಗ್ಗರಿಸಿ ಸ್ಟೀರಿಂಗಿಗೆ ಹಣೆ ತಾಗಿಸಿಕೊಂಡವರೇ. ಹಾಗಾಗಿ ಹೆಸರು ತಾನಾಗಿ ಬಿತ್ತು. ಮೇಷ್ಟ್ರಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ತನ್ನ ಕೈಯಲ್ಲಿ ಕಲಿತವರಾರೂ ಇದುವರೆಗೆ ಒಂದು ಕೋಳಿಯನ್ನೂ ಕೊಂದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಊರಿಗೆಲ್ಲ ಕಲಿಸಿದ ಮೇಷ್ಟ್ರು ಕಲಿಸಲಾಗದೆ ಬಿಟ್ಟ ಶಿಷ್ಯೆ ಒಬ್ಬರೇ. ಅವರ ಹೆಂಡತಿ.

ಹೆಂಡತಿಯನ್ನು ಬೀದಿಯವರು ಟೈಲರಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನು ಇಟ್ಟುಕೊಂಡು, ಬೆಳಕು ಇರುವಷ್ಟು ಹೊತ್ತು ಹೊಲಿಯುವ ಹೆಂಗಸು. ಬಟ್ಟೆಯ ಮಾತು ಬಿಟ್ಟರೆ ಬೇರೆ ಮಾತು ಕಡಿಮೆ. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಮೇಷ್ಟ್ರು ಆಕೆಯನ್ನು ಶಾಲೆಯ ಕಾರಿನಲ್ಲಿ ಕೂರಿಸಿಕೊಂಡು ಕಲಿಸಲು ಹೊರಟಿದ್ದರು. ಬೀದಿಯ ಈ ತುದಿಯಿಂದ ಆ ತುದಿ ತಲುಪುವುದರೊಳಗೆ ಎಷ್ಟು ಸಲ ಬ್ರೇಕು ಒತ್ತಿದರೋ ಅವರಿಗೇ ನೆನಪಿಲ್ಲ. ಮಲಗಿದ್ದ ನಾಯಿಗೆ ಒಮ್ಮೆ, ಅದು ಎದ್ದದ್ದಕ್ಕೆ ಒಮ್ಮೆ, ಅದು ಹೋದಮೇಲೆ ಮತ್ತೆ ಬಂದೀತೆಂದು ಒಮ್ಮೆ. ಬೀದಿಯ ಕೊನೆಯಲ್ಲಿ ಟೈಲರಮ್ಮ ಬಾಗಿಲು ತೆಗೆದು ಇಳಿದು, ಚಪ್ಪಲಿ ಸರಿಪಡಿಸಿಕೊಂಡು, ನಡೆದು ಮನೆಗೆ ಬಂದುಬಿಟ್ಟರು. ಸಂಜೆ ದೀಪ ಹಚ್ಚುವಾಗ ಒಂದೇ ಒಂದು ಮಾತು ಹೇಳಿದರು.

"ನಿಮ್ಮ ಕಾಲಿಗೆ ಕೆಲಸ ಇಲ್ಲದ ಗಾಡಿ ಸಿಕ್ಕಿದ ದಿವಸ ಹೇಳಿ, ಬರ್ತೀನಿ. ಅಲ್ಲೀವರೆಗೂ ನಿಮ್ಮ ಪಕ್ಕ ಕೂತು ನಾನು ಗಾಡಿ ಮುಟ್ಟಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂದು ಮೇಷ್ಟ್ರು ನಕ್ಕು ಸುಮ್ಮನಾಗಿದ್ದರು. ಟೈಲರಮ್ಮ ಮಾತಿಗೆ ತಪ್ಪುವವರಲ್ಲ. ಮೂವತ್ತು ವರ್ಷವೂ ಬಸ್ಸಿನಲ್ಲೇ ಓಡಾಡಿದರು.

ಬಸ್ಸು ಹೋಗದ ಜಾಗವೊಂದಿತ್ತು. ಟೈಲರಮ್ಮನ ಅಕ್ಕನ ಮನೆ. ಗುಡ್ಡದ ನೆತ್ತಿಯ ಮೇಲೆ, ಜೇನುಪೆಟ್ಟಿಗೆಗಳ ನಡುವೆ, ಒಂಟಿ ಮನೆ. ಬಸ್ಸು ಇಳಿದ ಮೇಲೆ ಹಳ್ಳ ದಾಟಿ, ಕಲ್ಲುಗುಂಡುಗಳ ಏರುದಾರಿಯಲ್ಲಿ ಹತ್ತಬೇಕು. ಅಕ್ಕ ಜೇನು ಬಿಟ್ಟು ಕೆಳಗೆ ಬರುವವರಲ್ಲ. ಜೇನು ಮುನಿಸಿಕೊಂಡು ಹಾರಿಹೋದರೆ ನೀನು ತಂದುಕೊಡ್ತೀಯಾ ಎಂದು ಕೇಳುವವರು. ಹೀಗಾಗಿ ತಂಗಿಯೇ ಹತ್ತಿ ಹೋಗುತ್ತಿದ್ದರು. ಎರಡು ವರ್ಷದಿಂದ ಅದೂ ನಿಂತಿತ್ತು. ಟೈಲರಮ್ಮನ ಮಂಡಿ ಏರುದಾರಿಗೆ ಒಲ್ಲೆನೆನ್ನತೊಡಗಿತ್ತು. ಮಷೀನು ತುಳಿಯಲು ಅದಕ್ಕೆ ಯಾವ ತಕರಾರೂ ಇಲ್ಲ, ಹತ್ತುವುದೆಂದರೆ ಮಾತ್ರ ಮುನಿಸು. ಅಕ್ಕತಂಗಿಯರು ಫೋನಿನಲ್ಲೇ ಮಾತಾಡುತ್ತಿದ್ದರು. ಗುಡ್ಡದ ಮೇಲೆ ಸರಿಯಾಗಿ ಕೇಳಿಸದ ಕಾರಣ ಅರ್ಧ ಮಾತು "ಹಾಂ?" ಎನ್ನುವುದರಲ್ಲೇ ಮುಗಿಯುತ್ತಿತ್ತು. ಫೋನು ಇಟ್ಟ ಮೇಲೆ ಟೈಲರಮ್ಮ ಮಷೀನಿಗೆ ಕೂತರೆ ಅದರ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು. ಮೇಷ್ಟ್ರಿಗೆ ಆ ಸದ್ದು ಚುಚ್ಚುತ್ತಿತ್ತು.

ಹೀಗಿರುವಾಗ ಇಟ್ಟಿಗೆ ಗೂಡಿನ ಹಿಂದೆ ಒಂದು ಟ್ರಕ್ಕು ಮೇಷ್ಟ್ರ ಕಣ್ಣಿಗೆ ಬಿತ್ತು. ಮೊಂಡು ಮೂಗಿನ, ಚಿಕ್ಕ ಗಾತ್ರದ, ಹಿಂದೆ ಸಾಮಾನಿನ ತೊಟ್ಟಿಯಿದ್ದ ಹಳೇ ಕಾಲದ ಗಾಡಿ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಜಾತಿ; ಕಲ್ಲು, ಕೆಸರು, ಹಳ್ಳ ಎಂದರೆ ಹಬ್ಬ ಅದಕ್ಕೆ. ಈಗ ಅದರ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಗೂಡಿನ ಯಜಮಾನ ತನ್ನ ಇಬ್ಬರು ಮಕ್ಕಳಿಗೂ ಪುಕ್ಕಟೆ ಡ್ರೈವಿಂಗ್ ಕಲಿಸಿಕೊಡುವುದಾದರೆ ಒಯ್ಯಿರಿ ಎಂದ. ಮರಿಗಳಾಗುವ ತನಕ ಕಾಯಬೇಕು ಎಂಬುದೊಂದೇ ಷರತ್ತು. ಮೇಷ್ಟ್ರು ಕಾದರು.

ಮರಿಗಳಾದ ಮೇಲೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮನೆಯ ಅಂಗಳಕ್ಕೆ ತಂದಾಗ ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಟೈಲರಮ್ಮ ಕಿಟಕಿಯಿಂದ ನೋಡಿ, ಹಲ್ಲಲ್ಲಿದ್ದ ದಾರ ಕಡಿದು, ಇದು ಬಂದದ್ದೋ ಹೋಗುತ್ತಿರುವುದೋ ಎಂದಷ್ಟೇ ವಿಚಾರಿಸಿದರು. ನಿನ್ನ ಅಕ್ಕನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೆ ನೋಡ್ತಿರು ಎಂದರು ಮೇಷ್ಟ್ರು. ಆ ದಿನ ಮಾತ್ರ ಮಷೀನಿನ ಸದ್ದು ಮೆತ್ತಗಿತ್ತು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ತುಕ್ಕು ಹಿಡಿದ ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತ ಬಚ್ಚಲ ಪಕ್ಕ ಸಾಲಾಗಿ ಕೂತವು. ಕಾರ್ಬುರೇಟರು ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದದ್ದಾಯಿತು. ಯಾವ ಬ್ರಶ್ಶು ಹಳೆಯದು, ಯಾವುದು ಹೊಸದು ಎಂಬುದು ಮರುದಿನ ಬೆಳಿಗ್ಗೆ ಮೇಷ್ಟ್ರ ಬಾಯಿಗೇ ಗೊತ್ತಾಯಿತು. ಗೇರುಪೆಟ್ಟಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿತು. ಹಿಟ್ಟಿನ ಡಬ್ಬಿಯ ಪಕ್ಕ ಹಲ್ಲುಚಕ್ರಗಳು ಒಣಗುತ್ತಿರುವುದನ್ನು ನೋಡಿ ಟೈಲರಮ್ಮ, ಇವುಗಳನ್ನು ಬೇಯಿಸಬೇಕೋ ಹಸಿಯಾಗಿಯೇ ಬಡಿಸಬೇಕೋ ಎಂದು ಕೇಳಿದರು.

ಬೆಸುಗೆ ಕೆಲಸಕ್ಕೆ ಬರುತ್ತಿದ್ದವನು ಮೇಷ್ಟ್ರ ಹಳೇ ಶಿಷ್ಯ. ಪಕ್ಕದ ಬೀದಿಯ ವೆಲ್ಡರು, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಲೈಸೆನ್ಸು ಪಡೆದವನು. ಮೇಷ್ಟ್ರು ಹೇಳಿದ್ದನ್ನು ಎದುರು ಮಾತಿಲ್ಲದೆ ಮಾಡುವುದು ಅವನಿಗೆ ಅಂದಿನಿಂದಲೇ ಅಭ್ಯಾಸ. ಕೊಳೆತ ನೆಲದ ತಗಡು ಕತ್ತರಿಸಿ ಹೊಸದು ಕೂರಿಸಿದ. ಹಳ್ಳದ ನೀರು ಒಳಗೆ ಹೋಗದಂತೆ ಎಂಜಿನ್ನು ಗಾಳಿ ಎಳೆಯುವ ಕೊಳವೆಯನ್ನು ಗಾಜಿನ ಪಕ್ಕದಲ್ಲಿ ಎತ್ತರಕ್ಕೆ ಏರಿಸಿದ. ಗಾಡಿ ನೆಗಡಿಯಾದ ಆನೆ ಸೊಂಡಿಲೆತ್ತಿದ ಹಾಗೆ ಕಂಡಿತು. ಟೈಲರಮ್ಮನ ಮಂಡಿಗೆಂದೇ ಪಕ್ಕದ ಸೀಟಿನ ಬಾಗಿಲ ಕೆಳಗೆ ಎರಡು ಗಿಡ್ಡ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಸರಳು. ಆ ಮೆಟ್ಟಿಲುಗಳನ್ನು ಮೇಷ್ಟ್ರು ಮೂರು ಸಲ ಬಿಚ್ಚಿಸಿ ಹಾಕಿಸಿದರು. ತಾವೇ ಹೆಂಡತಿಯ ಹಾಗೆ ಕುಂಟುತ್ತ ಹತ್ತಿ ಇಳಿದು ಪರೀಕ್ಷಿಸುತ್ತಿದ್ದರು. ಕಿಟಕಿಯ ಒಳಗಿನಿಂದ ಟೈಲರಮ್ಮ, ನಾನು ಅಷ್ಟೇನೂ ಕುಂಟಲ್ಲ ಎಂದು ತಿದ್ದುತ್ತಿದ್ದರು.

ಸೀಟು ಮತ್ತು ಮೇಲಿನ ಕ್ಯಾನ್ವಾಸು ಹೊದಿಕೆ ಟೈಲರಮ್ಮನ ಪಾಲಿನ ಕೆಲಸ. ಒಂದು ಮಧ್ಯಾಹ್ನ ಕೊರಳಿಗೆ ಟೇಪು ಹಾಕಿಕೊಂಡು ಅಂಗಳಕ್ಕೆ ಇಳಿದರು. ಇಷ್ಟು ಸುಮ್ಮನೆ ನಿಲ್ಲುವ ಗಿರಾಕಿ ತನಗೆ ಇದುವರೆಗೆ ಸಿಕ್ಕಿರಲಿಲ್ಲ ಎನ್ನುತ್ತ ಬೆನ್ನು, ಭುಜ, ಸೊಂಟ ಎಲ್ಲ ಅಳೆದರು. ಪಕ್ಕದ ಸೀಟಿನ ಉದ್ದ ನೋಡಲು ಬಗ್ಗಿದವರು ಹಾಗೇ ನಿಂತರು.

"ರೀ, ಇಲ್ಲಿ ಬನ್ನಿ. ಈ ಕಡೆ ಇದೇನು?"

ಮೇಷ್ಟ್ರು ಬಗ್ಗಿ ನೋಡಿದರು. ಪಕ್ಕದ ಸೀಟಿನ ಮುಂದೆ, ಹೊಸ ತಗಡಿನ ಮೇಲೆ, ಬಣ್ಣ ಬಳಿದುಕೊಂಡು ಅಚ್ಚುಕಟ್ಟಾಗಿ ನಿಂತಿದ್ದವು ಒಂದು ಕ್ಲಚ್ಚು, ಒಂದು ಬ್ರೇಕು. ತಂತಿ ಎಳೆದು ಡ್ರೈವರ್ ಕಡೆಯ ಪೆಡಲುಗಳಿಗೆ ಜೋಡಿಸಿಯೂ ಆಗಿತ್ತು. ಅಳತೆ ಕೊಟ್ಟವರು ಅವರೇ. ಗುರುತು ಹಾಕಿದವರೂ ಅವರೇ. ಪೆಡಲಿನ ಅಳತೆ ಎಂದ ಕೂಡಲೇ ಅವರ ಮೈ ತಾನಾಗಿ ಪಕ್ಕದ ಸೀಟಿಗೆ ಹೋಗಿ ಕೂತಿತ್ತು. ಕಾಲು ತಲುಪುವ ಜಾಗವನ್ನು ತೋರಿಸಿತ್ತು. ಗಾಡಿಯೆಂದರೆ ಎರಡು ಬ್ರೇಕು ಎಂದು ಆ ಮೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀನಾದರೂ ಕೇಳಬಾರದಿತ್ತೇನಯ್ಯಾ?" ಎಂದು ಪಕ್ಕದಲ್ಲೇ ನಿಂತಿದ್ದ ವೆಲ್ಡರನ ಮೇಲೆ ತಿರುಗಿದರು.

"ಕೇಳಿದರೆ ಬ್ರೇಕ್ ಹಾಕ್ತೀರಿ ಅಂತ ಸುಮ್ಮನಿದ್ದೆ ಮೇಷ್ಟ್ರೇ" ಎಂದ ವೆಲ್ಡರು, ನೆಲ ನೋಡುತ್ತ.

ಮೇಷ್ಟ್ರ ಕಿವಿಗಳು ಕೆಂಪಾದವು. ಇವತ್ತೇ ಬಿಚ್ಚಿಸುತ್ತೇನೆ ಎಂದು ಸ್ಪ್ಯಾನರು ಹುಡುಕತೊಡಗಿದರು. ಮೂವತ್ತು ವರ್ಷದ ಹಿಂದಿನ ಮಾತು ಗಂಡಹೆಂಡಿರ ನಡುವೆ ಬಂದು ನಿಂತಿತ್ತು. ಟೈಲರಮ್ಮ ಎರಡೂ ಪೆಡಲುಗಳ ಅಗಲ ಅಳೆದು, ಸೀಮೆಸುಣ್ಣದಿಂದ ತಗಡಿನ ಮೇಲೆ ಬರೆದುಕೊಂಡರು.

"ಬಿಚ್ಚಬೇಡಿ, ಇರಲಿ ಬಿಡಿ" ಎಂದರು. "ಜಾರದ ಹಾಗೆ ಮೇಲೆ ಒಂದು ದಪ್ಪ ಬಟ್ಟೆ ಹೊಲಿದು ಹಾಕ್ತೀನಿ."

ಹೆಂಡತಿ ಜಗಳವಾಡಿದ್ದರೆ ಮೇಷ್ಟ್ರಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತೇನೋ.

ಗಾಡಿ ಎದ್ದು ನಿಂತ ದಿನ ಮೇಷ್ಟ್ರು ವೆಲ್ಡರನ್ನು ಪಕ್ಕ ಕೂರಿಸಿಕೊಂಡು ಊರಾಚೆಯ ಬಯಲಿಗೆ ಹೊರಟರು. ಸಪಾಟು ನೆಲದಲ್ಲಿ ಎಲ್ಲ ಸರಿಯಿತ್ತು. ಬಯಲಿನ ಅಂಚಿನಲ್ಲಿ ಒಂದು ಏರಿ. ಅಕ್ಕನ ಮನೆಯ ದಾರಿಯ ಮುಂದೆ ಅದು ಮಗುವಿನ ಆಟದ ಜಾರುಬಂಡೆ. ಅದರ ನಡುವಿಗೆ ಬಂದಾಗ ಎಂಜಿನ್ನು ಗೊರಗೊರ ಎಂದಿತು. ಏನು ಮಾಡಬೇಕೆಂದು ಮೇಷ್ಟ್ರ ಬಾಯಿಗೆ ಗೊತ್ತಿತ್ತು. ಸಾವಿರಾರು ಜನಕ್ಕೆ ಹೇಳಿಕೊಟ್ಟ ಪಾಠ. ಕ್ಲಚ್ಚು ಅರ್ಧ ಬಿಡು, ಆಕ್ಸಿಲರೇಟರು ಸ್ವಲ್ಪ ಕೊಡು, ಹೆದರಬೇಡ. ಕಾಲು ಆ ಪಾಠ ಕೇಳಿರಲೇ ಇಲ್ಲ. ಬಲಗಾಲು ಹೋಗಿ ಬ್ರೇಕಿನ ಮೇಲೆ ಕೂತಿತು. ಗಾಡಿ ಜರ್ರನೆ ನಿಂತು ಆರಿತು. ಮತ್ತೆ ಹೊರಡಿಸಿದರು, ಮತ್ತೆ ಆರಿತು. ಮೂರನೇ ಸಲ ಹಿಂದಕ್ಕೆ ಜಾರತೊಡಗಿದಾಗ ವೆಲ್ಡರು ಮೆಲ್ಲಗೆ ತನ್ನ ಮುಂದಿದ್ದ ಬ್ರೇಕು ಒತ್ತಿದ. ಆಮೇಲೆ ಮೇಷ್ಟ್ರ ಮುಖ ನೋಡದೆ, ಆಕಾಶದಲ್ಲಿ ಹಕ್ಕಿ ಚೆನ್ನಾಗಿ ಹಾರುತ್ತಿದೆ ಎಂದ.

ಆಗ ಮೇಷ್ಟ್ರಿಗೆ ಹೊಳೆಯಿತು. ಬೆಳಿಗ್ಗೆ ಶಾಲೆಯ ಮಾಲೀಕ ಮನೆ ಬಾಗಿಲಿಗೆ ಕಾರು ತರುತ್ತಿದ್ದ, ಸಂಜೆ ಅವನೇ ಬಿಡುತ್ತಿದ್ದ. ನಡುವೆ ಇಡೀ ದಿನ ಯಾರೋ ಓಡಿಸುತ್ತಿದ್ದರು, ತಾನು ನಿಲ್ಲಿಸುತ್ತಿದ್ದೆ. ಮೂವತ್ತು ವರ್ಷ ತಾನು ಗಾಡಿ ಓಡಿಸಿಯೇ ಇರಲಿಲ್ಲ. ಈಜು ಕಲಿಸುವವನು ದಡದ ಮೇಲೆ ನಿಂತೇ ಕೂದಲು ನರೆತಂತಾಗಿತ್ತು.

ಮನೆಗೆ ಬಂದವರು, ಗಾಡಿ ಇನ್ನೂ ಸಿದ್ಧವಾಗಿಲ್ಲ ಎಂದರು. ಮುಂದಿನ ವಾರ ಕನ್ನಡಿ ಸರಿಯಿಲ್ಲ ಎಂದರು. ಅದರ ಮುಂದಿನ ವಾರ ಹಸಿರು ಬಣ್ಣ ಸ್ವಲ್ಪ ಹೆಚ್ಚೇ ಹಸಿರಾಯಿತೆಂದು ಕೆರೆದು ಮತ್ತೆ ಬಳಿದರು. ಆಮೇಲೆ ಹಾರನ್ನಿನ ದನಿಯಲ್ಲಿ ಗಾಂಭೀರ್ಯ ಸಾಲದಾಯಿತು. ಕುಣಿಯಲಾರದವರು ನೆಲ ಡೊಂಕು ಎಂದರೆ ಸುಮ್ಮನಿರಬಹುದು, ಇವರು ನೆಲಕ್ಕೆ ಬಣ್ಣ ಬಳಿಯುತ್ತಲೇ ಇದ್ದರು. ಅಕ್ಕ ಗುಡ್ಡದ ಮೇಲಿಂದ ಫೋನಿನಲ್ಲಿ, ಯಾವಾಗ ಬರ್ತೀರಿ ಎಂದು ಕೂಗುತ್ತಿದ್ದರು. ಬಣ್ಣ ಒಣಗಲಿ ಎಂದು ತಂಗಿ ಕೂಗುತ್ತಿದ್ದರು. ಹಾಂ? ಎನ್ನುತ್ತಿದ್ದರು ಅಕ್ಕ. ಮೇಷ್ಟ್ರು ಅಂಗಳದಲ್ಲಿ ಬ್ರಶ್ಶು ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹೆಂಡತಿಗೆ ಮಾತು ಕೊಟ್ಟು, ಗಾಡಿ ಕಟ್ಟಿ, ಕೊನೆಗೆ ತನ್ನ ಕಾಲೇ ಅಡ್ಡ ಬಂತಲ್ಲ ಎಂದು ಆ ಕಾಲನ್ನು ಶತ್ರುವಿನಂತೆ ನೋಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಟೈಲರಮ್ಮ ಗಿರಾಕಿಗಳು ಕೂರುವ ಮರದ ಸ್ಟೂಲನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ಅದನ್ನು ಡ್ರೈವರ್ ಬಾಗಿಲ ಕೆಳಗಿಟ್ಟರು. ಅದರ ಮೇಲೆ ಕಾಲಿಟ್ಟು ಹತ್ತಿ, ಸ್ಟೀರಿಂಗಿನ ಹಿಂದೆ ಕೂತು, ಸೆರಗು ಸಿಕ್ಕಿಸಿಕೊಂಡರು.

"ಮೆಟ್ಟಿಲನ್ನ ಆ ಕಡೆ ಹಾಕಿಸಿಬಿಟ್ಟಿದ್ದೀರಲ್ಲ" ಎಂದರು. "ಇರಲಿ, ನಿಮಗೇ ಆಯ್ತು. ಹತ್ತಿ."

"ನೀನು ಕಲೀತೀಯಾ? ಈಗ?"

"ಬಣ್ಣ ಒಣಗೋದನ್ನ ನೋಡ್ತಾ ಎಷ್ಟು ದಿವಸ ಕೂರಲಿ? ನಿಮಗೆ ಓಡಿಸೋಕೆ ಬರಲ್ಲ, ನನಗೆ ಗೊತ್ತು. ಕಲಿಸೋಕೆ ಬರುತ್ತಲ್ಲ, ಅಷ್ಟು ಸಾಕು."

ವೆಲ್ಡರು ಬಾಯಿಬಿಟ್ಟಿದ್ದಾನೆ ಎಂದು ಮೇಷ್ಟ್ರಿಗೆ ತಿಳಿಯಿತು. ಅವನು ಎಷ್ಟು ಬಾಯಿಬಿಟ್ಟಿದ್ದಾನೆ, ಎಷ್ಟು ಮುಚ್ಚಿಟ್ಟುಕೊಂಡಿದ್ದಾನೆ ಎಂಬುದು ಆಗ ತಿಳಿಯಲಿಲ್ಲ. ಎರಡು ಗಿಡ್ಡ ಮೆಟ್ಟಿಲು ಹತ್ತಿ ತಮ್ಮ ಹಳೇ ಜಾಗದಲ್ಲಿ ಕೂತರು. ಕಾಲು ತನ್ನ ಪೆಡಲಿನ ಮೇಲೆ ಹೋಗಿ ಕೂತಿತು. ಹೆಂಡತಿ ಹೊಲಿದ ದಪ್ಪ ಬಟ್ಟೆಯ ಕವಚ ಅಂಗಾಲಿಗೆ ಹಿತವಾಗಿತ್ತು.

ಕಲಿಯುವವರ ಲೈಸೆನ್ಸು ಮಾಡಿಸಿ, ದಿನಾ ಬೆಳಿಗ್ಗೆ ಬಯಲಿಗೆ ಹೋಗತೊಡಗಿದರು. ಮೇಷ್ಟ್ರು ತಮ್ಮ ಜನ್ಮದಲ್ಲಿ ಅಂಥ ಕಾಲು ಕಂಡಿರಲಿಲ್ಲ. ಕಲಿಯುವವರೆಲ್ಲ ಕ್ಲಚ್ಚನ್ನು ಹಾವಿನ ತಲೆಯಂತೆ ತುಳಿಯುತ್ತಾರೆ. ಟೈಲರಮ್ಮ ಅದನ್ನು ರೇಷ್ಮೆ ಸೀರೆಯ ಅಂಚು ಹೊಲಿಯುವ ಹಾಗೆ ಬಿಡುತ್ತಿದ್ದರು. ಗಾಡಿ ಹೊರಟದ್ದೇ ಗೊತ್ತಾಗುತ್ತಿರಲಿಲ್ಲ. ಸೂಜಿಯನ್ನು ಬಟ್ಟೆಯ ಮೇಲೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿ ಅಭ್ಯಾಸವಿದ್ದ ಕಾಲು ಅದು. ಯೋಚಿಸಿದರೆ ಇಬ್ಬರೂ ಜೀವಮಾನವೆಲ್ಲ ಪೆಡಲು ತುಳಿದವರೇ. ಆಕೆ ಓಡಿಸಲು ತುಳಿದಿದ್ದರು.

ಹಾಗೆಂದು ಮೇಷ್ಟ್ರ ಬಲಗಾಲು ಸುಮ್ಮನಿದ್ದೀತೆ? ತಿರುವಿನಲ್ಲಿ ಒತ್ತಿತು, ಗಾಡಿ ನಿಂತಿತು. ಕರು ಅಡ್ಡ ಬಂದಾಗ ಒತ್ತಿತು, ನಿಂತಿತು. ಎರಡು ಸಲ ಒತ್ತಿದರೂ ನಿಲ್ಲಲಿಲ್ಲ. ಒಂದು ಸಲ ಗಾಳಿಗೆ ಹಾರಿದ ಕಾಗದಕ್ಕೆ, ಇನ್ನೊಂದು ಸಲ ಮೋಡದ ನೆರಳಿಗೆ. ಹಳೇ ಗಾಡಿಯಲ್ಲವೇ, ತಂತಿ ಸಡಿಲವಾಗಿರಬೇಕು, ನೋಡಬೇಕು ಎಂದುಕೊಂಡು ಮರೆತರು. ಆಶ್ಚರ್ಯವೆಂದರೆ ಅಷ್ಟು ಸಲ ಒತ್ತಿದರೂ ಹೆಂಡತಿ ಬಾಗಿಲು ತೆಗೆದು ಇಳಿದು ನಡೆದುಹೋಗಲಿಲ್ಲ. ವಯಸ್ಸು ಮನುಷ್ಯರನ್ನು ಮೆದುವಾಗಿಸುತ್ತದೆ ಎಂದು ಮೇಷ್ಟ್ರು ತೀರ್ಮಾನಿಸಿದರು. ಟೈಲರಮ್ಮ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು. ವೆಲ್ಡರಿಗೆ ಅದನ್ನು ಮೇಷ್ಟ್ರೇ ಹೋಗಿ ಹೇಳಿಬಂದರು, ಸ್ವಲ್ಪ ವಿವರವಾಗಿಯೇ.

ಗುಡ್ಡಕ್ಕೆ ಹೊರಟ ದಿನ ಬಿಸಿಲು ಎಳೆಯದಾಗಿತ್ತು. ಹಳ್ಳದ ದಡದಲ್ಲಿ ಟೈಲರಮ್ಮ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚಿಕ್ಕ ಲಿವರನ್ನು ಎಳೆದರು. ನೀರು ಮುಂಭಾಗವನ್ನು ತಟ್ಟಿ ಎರಡಾಗಿ ಸೀಳಿತು. ನಡು ಹಳ್ಳದಲ್ಲಿ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿ ಗಾಡಿ ವಾಲಿದಾಗ ಮೇಷ್ಟ್ರು ಇದ್ದಬದ್ದ ಬಲವನ್ನೆಲ್ಲ ಬ್ರೇಕಿಗೆ ಹಾಕಿದರು. ಪೆಡಲು ತಗಡಿಗೆ ತಾಗಿತು. ಗಾಡಿ ನಿಲ್ಲಲಿಲ್ಲ. ಹಳ್ಳ ದಾಟಿ, ಮೈ ಕೊಡವಿ, ಏರುದಾರಿ ಹಿಡಿಯಿತು.

"ಬ್ರೇಕ್ ಹೋಗಿದೆ ಕಣೇ" ಎಂದರು ಮೇಷ್ಟ್ರು.

"ನನ್ನದಿದೆ" ಎಂದರು ಟೈಲರಮ್ಮ.

ಏರುದಾರಿಯಲ್ಲಿ ಕಲ್ಲುಗಳು ಚಕ್ರದಡಿ ಕಟಕಟ ಎಂದವು. ಮೇಷ್ಟ್ರು ಒತ್ತುತ್ತಲೇ ಇದ್ದರು, ಗಾಡಿ ಹತ್ತುತ್ತಲೇ ಇತ್ತು. ಎಲ್ಲಿ ತಾನು ಮೂರು ಸಲ ಆರಿಸಿ ಕೂರುತ್ತಿದ್ದೆನೋ ಅಂಥ ಕಡೆಗಳಲ್ಲೆಲ್ಲ ಹೆಂಡತಿಯ ಕಾಲು ಏನೋ ಒಂದು ಸಣ್ಣ ಹೊಲಿಗೆ ಹಾಕಿ ಮುಂದೆ ಹೋಗುತ್ತಿತ್ತು. ನೆತ್ತಿ ತಲುಪಿದಾಗ ಜೇನುಪೆಟ್ಟಿಗೆಗಳ ನಡುವಿನಿಂದ ಅಕ್ಕ, ಮುಖದ ಮೇಲಿನ ಜಾಲರಿಯನ್ನು ಎತ್ತಿ ನೋಡಿದರು. ಫೋನಿಲ್ಲದೆ ಮಾತು ಎಲ್ಲಿಂದ ಶುರು ಮಾಡಬೇಕೆಂಬುದು ಅಕ್ಕತಂಗಿಯರಿಬ್ಬರಿಗೂ ಮರೆತುಹೋಗಿತ್ತು.

ಆ ಬಿಡುವಿನಲ್ಲಿ ಮೇಷ್ಟ್ರು ಕೆಳಗಿಳಿದು, ತಗಡಿನ ಅಡಿಗೆ ತಲೆ ಹಾಕಿದರು. ಅವರ ಬ್ರೇಕಿನ ತಂತಿಯೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ಗಟ್ಟಿ ಸ್ಪ್ರಿಂಗು ಮಾತ್ರ, ಒತ್ತಿದವರಿಗೆ ಒತ್ತಿದ ಹಾಗೆ ಅನಿಸಲಿ ಎಂದು. ವೆಲ್ಡರನ ಬೆಸುಗೆ, ಅದರ ಅಂಚು ಅವರಿಗೆ ಚೆನ್ನಾಗಿ ಗೊತ್ತು. ಸ್ಪ್ರಿಂಗು ಕಿರುಗುಟ್ಟದಂತೆ ಸುತ್ತ ಬಟ್ಟೆ ಸುತ್ತಿ ಹೊಲಿದಿತ್ತು. ಆ ಹೊಲಿಗೆಯೂ ಗೊತ್ತು.

"ಯಾವತ್ತಿಂದ?" ಎಂದು ಕೇಳಿದರು, ತಲೆ ಹೊರಗೆ ತೆಗೆಯದೆಯೇ.

"ಬಣ್ಣ ಬಳೀತಾ ಇದ್ರಲ್ಲ, ಆವಾಗಿಂದ" ಎಂದರು ಟೈಲರಮ್ಮ.

"ಹಾಗಾದ್ರೆ ಬಯಲಲ್ಲಿ, ತಿರುವಲ್ಲಿ, ಆ ಕರು ಬಂದಾಗ. ನಾನು ಒತ್ತಿದ ಕೂಡಲೇ ನಿಲ್ತಿತ್ತಲ್ಲ?"

"ಒತ್ತೋ ಮುಂಚೆ ನಿಮ್ಮ ಮಂಡಿ ಏಳುತ್ತೆ. ಇಷ್ಟು ಪ್ಯಾಂಟು ಹೊಲಿದವಳಿಗೆ ಅಷ್ಟು ಗೊತ್ತಾಗಲ್ವಾ? ನೋಡ್ತಿದ್ದೆ. ನಿಮ್ಮ ಕಾಲು ಹೇಳಿದ್ದು ಸರಿ ಅನ್ನಿಸಿದ ಕಡೆ ನಿಲ್ಲಿಸಿದೆ."

ಮೇಷ್ಟ್ರು ಎದ್ದು ಕೈ ಕೊಡವಿಕೊಂಡರು. ಲೆಕ್ಕ ಹಾಕಿದರೆ ಹೆಚ್ಚು ಕಡೆ ನಿಂತೇ ಇತ್ತು. ಕಾಗದ, ನೆರಳು, ಹಳ್ಳ, ಈ ಏರುದಾರಿ ಬಿಟ್ಟರೆ. ಇದು ಸೋಲೋ ಗೆಲುವೋ ಎಂದು ಅವರಿಗೆ ತಕ್ಷಣ ಗೊತ್ತಾಗಲಿಲ್ಲ. ಅಕ್ಕ ಜಾಲರಿ ಮಡಿಸುತ್ತ ಹತ್ತಿರ ಬಂದು, ಗಾಡಿಯ ಸೊಂಡಿಲನ್ನು ಮುಟ್ಟಿ ನೋಡಿ, ಮೇಷ್ಟ್ರೇ ಇಷ್ಟು ಮೇಲೆ ಓಡಿಸಿಕೊಂಡು ಬಂದದ್ದು ಯಾರು ಎಂದು ಕೇಳಿದರು.

ಮೇಷ್ಟ್ರು ಬಾಯಿ ತೆರೆದರು. ಬಲಗಾಲು ಅಭ್ಯಾಸಬಲದಿಂದ ನೆಲವನ್ನು ಒತ್ತಿತು.

"ಇವಳೇ ಅತ್ತಿಗೆ" ಎಂದರು. "ನನ್ನ ಕಾಲಿಗೆ ಏನೂ ಕೆಲಸ ಇರಲಿಲ್ಲ."

ಟೈಲರಮ್ಮ ಅಕ್ಕನ ಕೈ ಹಿಡಿದು ಒಳಗೆ ಹೊರಟವರು ಒಮ್ಮೆ ತಿರುಗಿ ನೋಡಿದರು. ಇಳಿಯುವಾಗ ದಾರಿ ಇನ್ನೂ ಕಡಿದಾಗಿರುತ್ತೆ, ಸಂಜೆಯವರೆಗೆ ಕಾಲಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟುಕೊಳ್ಳಿ ಎಂದರು.